ಹಿಂದಿರುಗಿಸಿದ ವೀಳ್ಯ

ಶಶಿಕುಮಾರನಿಗೆ ಸಾವಿರಾರು ಓದುಗರಿದ್ದರು. ಅವನನ್ನು ಹೆತ್ತ ಮಂಗಮ್ಮನನ್ನು ಮಾತಾಡಿಸುವವರು ಒಬ್ಬರೂ ಇರಲಿಲ್ಲ. ಇದು ಯಾವ ಸೀಮೆಯ ನ್ಯಾಯ ಎಂದು ಅವನ ತಂಗಿ ಬೃಂದಾ ದಿನವೂ ಹಲ್ಲು ಕಚ್ಚಿಕೊಂಡು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬೇರೆ ಯಾರನ್ನಾದರೂ ಕೇಳೋಣವೆಂದರೆ ಆ ಊರಲ್ಲಿ ಅವಳೊಡನೆಯೂ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಊರು ಚಂದಕವಾಡಿಯಿಂದ ಒಳಗಿದೆ. ಹೆಸರು ಬೇಡ. ಒಂದರ ಹೆಸರು ಹೇಳಿದರೆ ಸುತ್ತಲಿನ ಮಿಕ್ಕ ಊರುಗಳು ತಾವು ಸಾಚಾ ಎಂದುಕೊಂಡಾವು. ಎರಡು ಸಾವಿರದ ಎಂಟರ ಚುನಾವಣೆಗೆ ಮುಂಚೆ ಊರ ಯಜಮಾನ ಮುದ್ದಯ್ಯ ಜನರನ್ನೆಲ್ಲ ಮಾರಿಗುಡಿಯ ಮುಂದೆ ಸೇರಿಸಿ, ತಾನು ಹೇಳಿದ ಗುರುತಿಗೇ ಓಟು ಒತ್ತುತ್ತೇವೆಂದು ಕರ್ಪೂರ ಮುಟ್ಟಿಸಿ ಆಣೆ ಇಡಿಸಿದ. ಹೊಸದೇನಲ್ಲ, ಅವನಪ್ಪನೂ ಹಾಗೇ ಮಾಡಿಸುತ್ತಿದ್ದ. ಆದರೆ ಆ ಸಲ ಗುಂಪಿನಲ್ಲಿ ಶಶಿಕುಮಾರನಿದ್ದ, ಅವನ ಜೇಬಿನಲ್ಲಿ ಕ್ಯಾಮೆರಾದ ಮೊಬೈಲಿತ್ತು. ಎಂ.ಎ. ಮುಗಿಸಿ ಕೆಲಸ ಸಿಗದೆ ಅವನು ಚಾಮರಾಜನಗರದಲ್ಲಿ ಮುನಾವರನ ಇಂಟರ್‌ನೆಟ್ ಸೆಂಟರಿನ ಮೇಲಿನ ಕೋಣೆಯಲ್ಲಿದ್ದುಕೊಂಡು ‘ಸುಡುಮಾತು’ ಎಂಬ ಬ್ಲಾಗ್ ಬರೆಯುತ್ತಿದ್ದ. ಆಣೆಯ ಫೋಟೋ ಅದರಲ್ಲಿ ಬಂತು, ಬೆಂಗಳೂರಿನ ಪತ್ರಿಕೆಯೊಂದು ಎತ್ತಿಕೊಂಡಿತು, ಪೊಲೀಸರು ಮುದ್ದಯ್ಯನನ್ನು ಕರೆದೊಯ್ದು ಇಡೀ ಹಗಲು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

ಬರೆದದ್ದು ತಪ್ಪೆಂದು ಬೃಂದಾ ಯಾವತ್ತೂ ಅನ್ನಲಿಲ್ಲ. ಆಗ ಅವಳು ಗುಂಡ್ಲುಪೇಟೆಯ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಳು. ಕೇರಳದಿಂದ ಬರುವ ಗಿರಾಕಿಗಳಿಗೂ ಪತ್ರಿಕೆ ಬಿಡಿಸಿ, ಇವನು ನಮ್ಮಣ್ಣ ಎಂದು ಹೆಮ್ಮೆಯಿಂದ ತೋರಿಸಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ತನ್ನ ಊರಿನವರು ಎನ್ನುವುದು ಆ ಹೆಮ್ಮೆಯಲ್ಲಿ ಮರೆತೇ ಹೋಗಿತ್ತು.

ಮುದ್ದಯ್ಯ ಠಾಣೆಯಿಂದ ಬಂದವನೇ ಮಂಗಮ್ಮನ ಮನೆಯನ್ನು ಊರಿಂದ ಆಚೆಗಿಟ್ಟ. ಅವರನ್ನು ಮಾತಾಡಿಸಿದವರಿಗೆ ದಂಡ. ಅಂಗಡಿಯಲ್ಲಿ ಉಪ್ಪು ಸಿಗಲಿಲ್ಲ, ಮಿಲ್ಲಿನಲ್ಲಿ ರಾಗಿ ಬೀಸಲಿಲ್ಲ, ಅರಿಶಿನ ಕೀಳಲು ಆಳು ಬರಲಿಲ್ಲ. ಅದನ್ನೆಲ್ಲ ಮಂಗಮ್ಮ ಹೇಗೋ ತಡೆದುಕೊಂಡಳು. ಗೋಡೆಗೆ ಗೋಡೆ ತಾಗಿದ ಮನೆಯ ಸಣ್ಣತಾಯಮ್ಮ, ಇಬ್ಬರೂ ಮದುವೆಯಾಗಿ ಬಂದ ಕಾಲದಿಂದಲೂ ಒಂದೇ ಮಡಕೆಯ ಸಾರು ಹಂಚಿಕೊಂಡಿದ್ದ ಸಣ್ಣತಾಯಮ್ಮ, ನಲ್ಲಿಯ ಹತ್ತಿರ ಮುಖ ತಿರುಗಿಸಿ ನಿಂತಾಗ ಮಾತ್ರ ಬಿಂದಿಗೆಯನ್ನು ಅಲ್ಲೇ ಇಟ್ಟು ಮನೆಗೆ ಬಂದು ಮಲಗಿಬಿಟ್ಟಳು. ಗಂಡ ರಾಚಯ್ಯ ಸತ್ತಾಗಲೂ ಅವಳು ಹಾಗೆ ಮಲಗಿರಲಿಲ್ಲ. ಬೃಂದಾ ಕೆಲಸ ಬಿಟ್ಟು ಬಂದು ಅವ್ವನ ಜೊತೆ ಕೂತಳು.

ಶಶಿಕುಮಾರನೂ ಸುಮ್ಮನಿರಲಿಲ್ಲ, ಬರೆದ. ‘ಮೂಕವಾದ ನನ್ನ ತಾಯಿ’ ಎಂದು ಕಂತು ಕಂತಾಗಿ ಬರೆದ. ಅಮೆರಿಕದಿಂದ ಯಾರೋ ಕಣ್ಣೀರು ಬಂತು ಎಂದು ಬರೆದರು. ದಾವಣಗೆರೆಯ ಸಂಘದವರು ಭಾಷಣಕ್ಕೆ ಕರೆದರು. ಬೃಂದಾ ಪೇಟೆಗೆ ಹೋದಾಗ ಮುನಾವರ್ ಕುರ್ಚಿ ಎಳೆದು ಕೂರಿಸಿ, ಪರದೆ ತೋರಿಸುತ್ತ, “ನೋಡಿ ಸಿಸ್ಟರ್, ನಿಮ್ಮಣ್ಣ ದೊಡ್ಡ ಮನುಷ್ಯ ಆಗ್ಬಿಟ್ರು. ಊರಿಗೆ ಹೋಗಿ ಎಷ್ಟು ದಿನ ಆಯ್ತೋ, ಅದು ಬೇರೆ ಮಾತು” ಅಂದ. ಪಾಪ, ಅವನಿಗೂ ಕಾಣುತ್ತಿತ್ತು.

ಆದರೂ ಬರೆದದ್ದರಿಂದ ಒಂದು ಪ್ರಯೋಜನವಾಯಿತು. ತಹಸೀಲ್ದಾರರ ಜೀಪು ಊರಿಗೆ ಬಂತು. ಕೇಸು ಹಾಕಿ ಒಳಗೆ ಕಳಿಸುತ್ತೇನೆ ಎಂದು ಅವರು ಗದರಿದ್ದಕ್ಕೆ ಮುದ್ದಯ್ಯ ಬೆವರಿದ, ಶುಕ್ರವಾರ ವೀಳ್ಯ ಕಳಿಸುತ್ತೇನೆ ಎಂದು ಒಪ್ಪಿದ. ಆಚೆಗಿಟ್ಟ ಮನೆಯನ್ನು ಒಳಗೆ ಕರೆದುಕೊಳ್ಳಲು ಆ ಊರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಯಜಮಾನ ತಟ್ಟೆಯಲ್ಲಿ ಎಲೆ-ಅಡಿಕೆ ಕಳಿಸಬೇಕು, ಮನೆಯ ಗಂಡಸು ಹೊಸಲಿನಲ್ಲಿ ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಹಳೆಯದೆಲ್ಲ ಮುಗಿಯಿತು. ಹಿಂದಿರುಗಿಸಿದರೆ ಆ ಮನೆಯೇ ಊರನ್ನು ಬೇಡ ಎಂದ ಹಾಗೆ. ಮನೆಗೆ ಗಂಡಸೆಂದರೆ ಶಶಿಕುಮಾರ. ಬೃಂದಾ ತಾನೇ ಫೋನು ಮಾಡಿ ಕರೆದಳು. ಆಮೇಲೆ ಆ ಫೋನು ಮಾಡಿದ ತನ್ನ ಕೈಯನ್ನು ಎಷ್ಟು ಸಲ ಶಪಿಸಿಕೊಂಡಳೋ.

ಅವನು ಬಂದ, ಹೆಗಲಿಗೆ ಕ್ಯಾಮೆರಾ ಹೊತ್ತ ಟೀವಿಯವನೊಬ್ಬನನ್ನು ಕರೆದುಕೊಂಡೇ ಬಂದ. ಮಂಗಮ್ಮ ತಲೆಗೆ ಎರೆದುಕೊಂಡು, ಪೆಟ್ಟಿಗೆಯ ಸೀರೆ ಉಟ್ಟು, ಬಾಗಿಲ ಹಿಂದೆ ನಿಂತಿದ್ದಳು. ಯಜಮಾನನ ಕರೆ ತರುವ ಪುಟ್ಟಮಾದು ತಟ್ಟೆ ನೀಡಿದ. ಬೀದಿಗೆ ಬೀದಿಯೇ ನೋಡುತ್ತಿತ್ತು. ಶಶಿಕುಮಾರ ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

“ನಮಗೆ ಬೇಕಾಗಿರುವುದು ನಿಮ್ಮ ಎಲೆ-ಅಡಿಕೆಯ ಭಿಕ್ಷೆಯಲ್ಲ, ಸಂವಿಧಾನ!”

“ಯೋಚ್ನೆ ಮಾಡ್ಲಾ ಶಶಿ,” ಎಂದ ಪುಟ್ಟಮಾದು, ಮೆತ್ತಗೆ. “ಇದ್ನ ತಿರುಗ್ಸಿದ್ರೆ ಏನಾಯ್ತದೆ ಅಂತ ನಿಂಗೂ ಗೊತ್ತು ಕಣ್ಲಾ.”

“ಈಸ್ಕೊಳ್ಳಪ್ಪ ಮಗಾ,” ಒಳಗಿಂದ ಮಂಗಮ್ಮ ಅಂದಳು. “ನಿನ್ ಕಾಲಿಗೆ ಬೀಳ್ತೀನಿ, ಈಸ್ಕೊ.”

ಅವನು ಅಂಗೈಯಿಂದ ತಟ್ಟೆಯನ್ನು ಹಿಂದಕ್ಕೆ ತಳ್ಳಿದ. ಕ್ಯಾಮೆರಾದವನಿಗೆ ಸರಿಯಾಗಿ ಸಿಕ್ಕಲಿಲ್ಲವಂತೆ. ಇನ್ನೊಂದು ಸಲ ತಳ್ಳಿದ.

ಮತ್ತೆ ಬಂದ ತಹಸೀಲ್ದಾರರ ಮುಂದೆ ಮುದ್ದಯ್ಯ ಹಾಲು ಕುಡಿದ ಬೆಕ್ಕಿನ ಹಾಗೆ ನಿಂತಿದ್ದ. “ಸ್ವಾಮಿ, ನಾವು ಮರ್ಯಾದೆಯಾಗಿ ಕರುದ್ವು. ಅವ್ರೇ ಬ್ಯಾಡ ಅಂದ್ಬುಟ್ರು. ಬೇಕಾದ್ರೆ ಟೀವೀಲಿ ನೋಡ್ಕಳಿ.” ತಹಸೀಲ್ದಾರರು ಮಂಗಮ್ಮನ ಕಡೆ ಬೇಜಾರಿನಿಂದ ನೋಡಿ ಜೀಪು ಹತ್ತಿದರು. ಅದುವರೆಗೆ ಊರಿನ ಹೆಂಗಸರ ಕಣ್ಣಲ್ಲಾದರೂ ಅಯ್ಯೋ ಪಾಪ ಎನ್ನುವುದೊಂದು ಉಳಿದಿತ್ತು. ಅಂದಿನಿಂದ ಅದೂ ಹೋಯಿತು.

ಬೃಂದಾ ಪೇಟೆಗೆ ಹೋಗಿ, ಮುನಾವರನ ಮೆಟ್ಟಿಲು ಹತ್ತಿ, ಅಣ್ಣನ ಮುಂದೆ ನಿಂತಳು. ಅವನು ಬೆಂಗಳೂರಿನ ಸನ್ಮಾನಕ್ಕೆ ಭಾಷಣ ಬರೆಯುತ್ತಿದ್ದ.

“ಬಂದು ಮುದ್ದಯ್ಯನತ್ರ ಒಂದು ಮಾತು ಕೇಳಣ್ಣ. ತಪ್ಪಾಯ್ತು, ವೀಳ್ಯ ಕೊಡಿ ಅನ್ನು.”

“ನಾನಾ? ಅವ್ನತ್ರ ಕೈ ಒಡ್ಡುದ್ರೆ ನನ್ನ ಓದೋ ಜನ ಏನಂದಾರು?”

“ನಿನ್ನ ಓದೋ ಜನ ಬಂದು ಅವ್ವನ್ನ ಮಾತಾಡ್ಸಾರಾ?”

“ಓರಾಟ ಅಂದ್ರೆ ತ್ಯಾಗ ಇರ್ತದೆ ಕಣಮ್ಮಿ.”

“ತ್ಯಾಗ ಮಾಡೋಳು ಅವ್ವ, ಆರ ಆಕಿಸ್ಕೊಳ್ಳೋನು ನೀನು! ಚೆನ್ನಾಗದೆ ನಿನ್ ಓರಾಟ. ಮುದ್ದಯ್ಯ ಅವ್ಳ ಬಾಯಿ ಕಟ್ದ. ನೀನು ಅದುನ್ನೇ ಬರ್ಕೊಂಡು ಉಣ್ತಾ ಇದ್ದೀಯ.”

ಅವನು ಬಾಗಿಲು ತೋರಿಸಿದ.

ಅಲ್ಲಿಂದ ಅವಳು ಸೀದಾ ಮುದ್ದಯ್ಯನ ಜಗುಲಿಗೇ ಹೋದಳು. ಅವನ ಮುಖ ಕಂಡರೆ ಅವಳಿಗೆ ವಾಕರಿಕೆ, ಆದರೂ ಕೈ ಮುಗಿದಳು. ಅವನು ಎಲೆಗೆ ಸುಣ್ಣ ಹಚ್ಚುತ್ತ, ಎಷ್ಟೋ ಹೊತ್ತು ಅವಳನ್ನು ನಿಲ್ಲಿಸಿ, ಆಮೇಲೆ ಬಾಯಿ ಬಿಟ್ಟ. “ಊರು ಎರಡ್ನೇ ಸಲ ವೀಳ್ಯ ಕಳ್ಸಕಿಲ್ಲ. ಆದ್ರೆ ತಿರುಗ್ಸಿದೋನು ಆ ಮನೆ ಮಗನೇ ಅಲ್ಲ ಅಂದ್ರೆ, ತಿರುಗ್ಸಿದ್ದು ಲೆಕ್ಕಕ್ಕೆ ಬರಾಕಿಲ್ಲ. ಹಂಗಂತ ನಿಮ್ಮವ್ವ ಮಾರಿಗುಡಿ ಮುಂದೆ ನಿಂತು ಅಂದ್ಬುಡ್ಲಿ.” ಹೇಳಿ ನಕ್ಕ. ಠಾಣೆಯ ಬೆಂಚಿನ ಮೇಲೆ ಕೂತ ಸೇಡನ್ನು ಅವನು ಹಾಗೆ ತೀರಿಸಿಕೊಂಡ.

ಬೃಂದಾ ಅದನ್ನು ಅವ್ವನಿಗೆ ಹೇಳಬಾರದೆಂದೇ ಇದ್ದಳು. ಆದರೆ ಮಂಗಮ್ಮ ಒಲೆಯ ಮುಂದೆ ಕೂತು ಕೋಳಿಯ ಜೊತೆ, ಸಣ್ಣತಾಯಿಯ ಮೊಮ್ಮಗಳು ನಡೆಯಲು ಕಲಿತಳಂತೆ ಎಂದು ಮಾತಾಡುವುದನ್ನು ಕೇಳಿ ತಡೆಯಲಾರದೆ ಹೇಳಿಬಿಟ್ಟಳು. ಮಂಗಮ್ಮ ಬೆಂಕಿಯನ್ನೇ ನೋಡುತ್ತ ಕೂತಳು. ಸೌದೆ ಉರಿದು ಮುಗಿದ ಮೇಲೆ, “ನಾಳೀಕೆ ಓಗನ ಕಣಮ್ಮಿ” ಅಂದಳು.

ಮಾರಿಗುಡಿಯ ಮುಂದೆ ಊರು ನೆರೆದಿತ್ತು. ಮಾತು ಬಳಸದೆ ಮಂಗಮ್ಮನ ಗಂಟಲು ಒರಟಾಗಿತ್ತು, ಮೊದಲ ಸಲ ದನಿಯೇ ಹೊರಡಲಿಲ್ಲ. ಗಟ್ಟಿಯಾಗಿ ಹೇಳು ಎಂದ ಮುದ್ದಯ್ಯ. ಅವಳು ಕರ್ಪೂರ ಮುಟ್ಟಿದಳು.

“ಶಶಿಕುಮಾರ ನನ್ ಮಗ ಅಲ್ಲ. ನಂಗಿರಾದು ಒಬ್ಳೇ ಮಗ್ಳು.”

ಮುದ್ದಯ್ಯ ಆಯಿತೆಂದು ತಲೆಯಾಡಿಸಿದ. ಆಮೇಲೆ ಸಣ್ಣತಾಯಮ್ಮ ಗುಂಪನ್ನು ಸೀಳಿಕೊಂಡು ಬಂದು ಮಂಗಮ್ಮನ ಕೈ ಹಿಡಿದಳು. “ಉಂಡ್ಯಾ ಮಂಗೀ?” ಅಂದಳು. ಅಷ್ಟು ಕೇಳಿದ್ದೇ ತಡ, ಅಲ್ಲಿಯವರೆಗೆ ಕಲ್ಲಿನ ಹಾಗೆ ನಿಂತಿದ್ದ ಮಂಗಮ್ಮ ಗೊಳೋ ಎಂದು ಅತ್ತಳು. ಅದು ಸಂತೋಷಕ್ಕೋ ಸಂಕಟಕ್ಕೋ ಬೃಂದಾಳಿಗೆ ತಿಳಿಯಲಿಲ್ಲ. ಊರಿನ ಮೇಲೂ ಅಣ್ಣನ ಮೇಲೂ ಅವಳಿಗೆ ಸಮಸಮ ಸಿಟ್ಟಿತ್ತು.

ಸುದ್ದಿ ಪೇಟೆ ಮುಟ್ಟುವುದು ಎಷ್ಟು ಹೊತ್ತು? ಮಧ್ಯಾಹ್ನ ಶಶಿಕುಮಾರನ ಫೋನು ಬಂತು. ದನಿ ನಡುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ಬೃಂದಾಳ ಕರುಳು ಒಂದು ಗಳಿಗೆ ಚುರುಕ್ಕೆಂದಿತು. ಬಾ ಅಣ್ಣ, ಕತ್ತಲಾದ ಮೇಲಾದರೂ ಬಂದು ಅವ್ವನನ್ನು ನೋಡಿಕೊಂಡು ಹೋಗು ಎನ್ನುವ ಮಾತು ಅವಳ ತುಟಿಗೆ ಬಂದಿತ್ತು.

“ಬೃಂದಾ, ಇದು ಇಡೀ ದೇಶಕ್ಕೆ ಗೊತ್ತಾಗ್ಬೇಕು ಕಣಮ್ಮಿ,” ಎಂದ ಅವನು ಉಸಿರು ಬಿಡದೆ. “ಅವ್ವ ಅಂಗಂದಾಗ ಯಾರಾದ್ರೂ ಫೋಟೋ ತಗುದ್ರಾ?”

ಬೃಂದಾ ತಿರುಗಿ ನೋಡಿದಳು. ಒಳಗೆ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಸಣ್ಣತಾಯಮ್ಮ ತಟ್ಟೆಯಲ್ಲಿ ಮುದ್ದೆ ಮುರಿದು ಅವಳ ಬಾಯಿಗೆ ಇಡುತ್ತಿದ್ದಳು.

“ಯಾರವ್ವ?” ಎಂದು ಕೇಳಿ, ಬೃಂದಾ ಫೋನು ಕಟ್ ಮಾಡಿದಳು.