ಜ್ವರ ಮೀನಿನ ಗಾಡಿಯಲ್ಲಿ ಬರಲಿಲ್ಲ

ಜಾಲ್ಸೂರಿನ ಒಳಗೆ, ತೋಟಗಳ ನಡುವೆ ಒಂದಷ್ಟು ಮನೆಗಳಿದ್ದ ಒಂದು ಬೈಲಿನಲ್ಲಿ ಆ ಮಳೆಗಾಲ ಮನೆಗೊಬ್ಬರು ಜ್ವರ ಹಿಡಿದು ಮಲಗಿದ್ದರು. ಕಣ್ಣಿನ ಹಿಂದೆ ನೋವು, ಗಂಟುಗಂಟಿನಲ್ಲೂ ನೋವು. ರಕ್ತ ಪರೀಕ್ಷೆ ಮಾಡಿಸಿದಾಗ ಡೆಂಗಿ ಎಂದು ಗೊತ್ತಾಯಿತು. ಎಲ್ಲಿಂದ ಬಂತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ಯಾರದಾದರೂ ತಲೆಗೆ ಕಟ್ಟಬೇಕಲ್ಲ!

"ಆ ಮೀನಿನ ನೌಷಾದ್ ತಂದದ್ದು. ದಿನಾ ಕಾಸರಗೋಡಿನಿಂದ ಬರುದು ಅವನೇ ಅಲ್ವಾ?" ಎಂದರು ರಬ್ಬರ್ ಕೃಷಿಕ ಚೆನ್ನಕೇಶವ. ಊರಲ್ಲಿ ಅವರ ಮಾತಿಗೆ ತೂಕವಿತ್ತು. ಮರುದಿನ ನೌಷಾದ್ ಎಷ್ಟು ಹಾರ್ನ್ ಹಾಕಿದರೂ ಯಾರೂ ಹೊರಗೆ ಬರಲಿಲ್ಲ. ಆಮೇಲೆ ಬೈಲಿನ ದಾರಿಗೆ ಅಡ್ಡವಾಗಿ ಒಂದು ಮರದ ತುಂಡೂ ಬಿತ್ತು.

"ನನಗಾಗಲಿ, ಮನೆಯವರಿಗಾಗಲಿ ಜ್ವರ ಇಲ್ಲ ಅಣ್ಣ. ನಾನು ಹೇಗೆ ತರುದು?" ಎಂದು ನೌಷಾದ್ ಕೇಳಿದ.

"ಅದೆಲ್ಲ ನನಗೆ ಗೊತ್ತಿಲ್ಲ ಮಾರಾಯ. ನೀನು ಈ ಕಡೆ ಬರ್ಬೇಡ," ಎಂದರು ಚೆನ್ನಕೇಶವ.

ತಂದೆಯ ಕಾಲದಿಂದ ಆ ಬೈಲಿಗೆ ಮೀನು ತರುತ್ತಿದ್ದವನು ಗಾಡಿ ತಿರುಗಿಸಿದ.

ನೌಷಾದ್ ಬರುವುದು ನಿಂತಿತು, ಜ್ವರ ನಿಲ್ಲಲಿಲ್ಲ. ಚೆನ್ನಕೇಶವರ ಮಗಳು ಯಶಸ್ವಿಯೂ ಮಲಗಿದಳು. ಜ್ವರ ಇಳಿಯಿತೆಂದು ಮನೆಯವರು ಉಸಿರು ಬಿಡುವಷ್ಟರಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ. ತಾಯಿ ಲೋಲಾಕ್ಷಿ ದಾರಿಯ ಮರದ ತುಂಡಿನ ಆಚೆಗೆ ಜೀಪು ತರಿಸಿ, ಮಗಳನ್ನು ಅಲ್ಲಿವರೆಗೆ ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಓಡಿದರು.

"ಸರಿಯಾದ ಹೊತ್ತಿಗೆ ಬಂದಿರಿ. ಜ್ವರ ಇಳಿದ ಮೇಲೆಯೇ ಇದರಲ್ಲಿ ಅಪಾಯ ಜಾಸ್ತಿ," ಎಂದರು ಡಾಕ್ಟರು. ಹುಡುಗಿ ಉಳಿದಳು.

ಎದುರಿನ ಕೋಣೆಯಲ್ಲಿ ನೆರೆಮನೆಯ ಕೃಷ್ಣಮೋಹನ ಭಟ್ಟರು ಅದೇ ಜ್ವರದಲ್ಲಿ ಮಲಗಿದ್ದರು. ಅವರನ್ನು ನೋಡಿ ಬಂದ ಲೋಲಾಕ್ಷಿ ಗಂಡನನ್ನು ಕೇಳಿದರು: "ಅಲ್ಲ ಮಾರಾಯ್ರೆ, ಭಟ್ರ ಮನೆಯಲ್ಲಿ ಮೀನು ತಿನ್ನುದೇ ಇಲ್ಲ. ನೌಷಾದ್ ಆ ಅಂಗಳಕ್ಕೆ ಹೋದದ್ದೂ ಇಲ್ಲ. ಮತ್ತೆ ಅವರಿಗೆ ಹೇಗೆ ಬಂತು? ಅರಂತೋಡಿನ ನನ್ನ ತವರಿಗೂ ಅವನದ್ದೇ ಮೀನು. ಅಲ್ಲಿ ಯಾರಿಗೂ ಜ್ವರ ಇಲ್ವಲ್ಲ?"

"ಹಾಗಾದ್ರೆ ಬೇರೆ ಯಾರೋ ತಂದಿರ್ಬೇಕು," ಎಂದರು ಚೆನ್ನಕೇಶವ.

ಮಗಳನ್ನು ಮನೆಗೆ ಕರೆತಂದ ಮೇಲೆ ಆರೋಗ್ಯಾಧಿಕಾರಿ ಸುರಕ್ಷಾ ವಿಚಾರಿಸಲು ಬಂದರು. ಚೆನ್ನಕೇಶವ ಅವರೊಡನೆಯೂ ಅದನ್ನೇ ಹೇಳಿದರು.

"ತಂದವರನ್ನು ಹುಡುಕುದು ಬಿಡಿ ಅಣ್ಣ. ಇದು ಮುಟ್ಟಿದ್ರೆ ಬರುದಲ್ಲ, ಮೀನಿಂದ ಬರುದಲ್ಲ. ಜ್ವರ ಇದ್ದವರನ್ನು ಕಚ್ಚಿದ ನುಸಿ, ಅಂದ್ರೆ ಸೊಳ್ಳೆ, ಮತ್ತೊಬ್ಬರನ್ನು ಕಚ್ಚಿದ್ರೆ ಬರುದು. ಆ ನುಸಿ ಹಗಲಲ್ಲಿ ಕಚ್ಚುದು, ನಿಂತ ನೀರಲ್ಲಿ ಹುಟ್ಟುದು. ಹೆಚ್ಚು ದೂರ ಹಾರುದೂ ಇಲ್ಲ. ಈಗ ಹೇಳಿ, ಜ್ವರ ಬಂದ ಮನೆಗಳೆಲ್ಲ ಎಲ್ಲಿ ಉಂಟು?"

ಲೋಲಾಕ್ಷಿಯೇ ಉತ್ತರ ಕೊಟ್ಟರು. "ನಮ್ಮ ರಬ್ಬರ್ ತೋಟದ ಸುತ್ತ."

ಮೂವರೂ ತೋಟಕ್ಕೆ ಹೋದರು. ಮಳೆಗೆ, ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ನಿಂತಿತ್ತು. ರಬ್ಬರ್ ಹಾಲು ಹಿಡಿಯುವ ತೆಂಗಿನ ಚಿಪ್ಪಿನ ಗೆರಟೆಗಳು ಮಾತ್ರ ಮರಮರದಲ್ಲೂ ನೀರು ತುಂಬಿಕೊಂಡು ನಿಂತಿದ್ದವು. ಸುರಕ್ಷಾ ಒಂದನ್ನು ಚೆನ್ನಕೇಶವರ ಅಂಗೈಗೆ ಬಗ್ಗಿಸಿದರು. ನೀರಿನಲ್ಲಿ ಸೊಳ್ಳೆಮರಿಗಳು ಮಿಸುಕಾಡಿದವು.

ಚೆನ್ನಕೇಶವ ಅಂಗೈಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ನಾವೇ ಸಾಕಿದ್ದು," ಎಂದರು.

ಅಂದೇ ಬೈಲಿನವರೆಲ್ಲ ಸೇರಿ ಗೆರಟೆಗಳನ್ನು ಕವುಚಿ ಹಾಕಿದರು, ಮಳೆನೀರು ನಿಂತ ಅಡಿಕೆ ಹಾಳೆಗಳನ್ನು ಹೆಕ್ಕಿದರು, ನೀರಿನ ಡ್ರಮ್ಮುಗಳನ್ನು ತಿಕ್ಕಿ ಮುಚ್ಚಿದರು. ಚೆನ್ನಕೇಶವ ದಾರಿಯ ಮರದ ತುಂಡನ್ನು ತಾವೇ ಎಳೆದುಹಾಕಿ ಜಾಲ್ಸೂರು ಪೇಟೆಗೆ ಹೋದರು. ನೌಷಾದ್ ಅಲ್ಲಿ ಮೀನು ಮಾರುತ್ತಿದ್ದ.

"ನಾಲ್ಕು ಜನರ ಎದುರು ನಿನ್ನ ಮೇಲೆ ಹಾಕಿದೆ. ನಾಲ್ಕು ಜನರ ಎದುರೇ ಹೇಳ್ತೇನೆ, ತಪ್ಪು ನನ್ನದು."

ನೌಷಾದ್ ತಕ್ಕಡಿ ಕೆಳಗಿಟ್ಟ. ಆಮೇಲೆ ಕೇಳಿದ: "ಯಶಸ್ವಿ ಈಗ ಊಟ ಮಾಡ್ತಾಳಾ ಅಣ್ಣ?"

ವಾರ ಕಳೆದಂತೆ ಬೈಲಿನಲ್ಲಿ ಹೊಸಬರಿಗೆ ಜ್ವರ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ನಿಮ್ಮೂರಲ್ಲೂ ಜ್ವರ ಕಾಣಿಸಿಕೊಂಡರೆ ರಕ್ತ ಪರೀಕ್ಷೆ ಮಾಡಿಸಿ, ರೋಗಿಗೆ ಚೆನ್ನಾಗಿ ನೀರು, ಗಂಜಿ ಕೊಡಿ, ಹಗಲಲ್ಲೂ ಸೊಳ್ಳೆಪರದೆ ಕಟ್ಟಿ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಬೇಡ. ವಾಂತಿ, ಹೊಟ್ಟೆನೋವು, ರಕ್ತ ಕಂಡರೆ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ. ಯಾರು ತಂದರು ಎಂದು ಬೆರಳು ತೋರಿಸುವ ಮೊದಲು ಒಮ್ಮೆ ನಿಮ್ಮ ಮನೆಯ ಹಿಂದೆ ಹೋಗಿ ನೋಡಿ. ಇವತ್ತೇ ನೋಡಿ.