ಹುಣಸೆಮರದ ಒಪ್ಪಿಗೆ

ಹೊತ್ತು ಮುಳುಗುವ ಸಮಯಕ್ಕೆ ಗಾದಿಲಿಂಗಪ್ಪ ದೇಶನೂರಿನ ಹೊಲದಲ್ಲಿ ಹುಣಸೆಮರದ ಬುಡಕ್ಕೆ ನೀರು ಹಾಕಿದ. ಕಾಂಡಕ್ಕೆ ವಿಭೂತಿ ಹಚ್ಚಿದ. ಕೊಡಲಿಯ ಅಲಗನ್ನು ನೆಲಕ್ಕೆ ಊರಿ, ಕಾವನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ಕೈಮುಗಿದ.

“ನಾಳೆ ನಿನ್ನ ಮೈಮ್ಯಾಲೆ ಕೈ ಮಾಡಬೇಕಂತ ಬಂದೀನಿ, ತಾಯಿ. ಮನಸಿದ್ರ ಸುಮ್ಮನಿರು. ಇಲ್ಲಂದ್ರ ಕೊಡ್ಲಿ ಕೆಡುವು.”

ಇದು ಅವನ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ. ಮರ ಕಡಿಯುವ ಹಿಂದಿನ ಸಂಜೆ ಕೊಡಲಿಯನ್ನು ಹೀಗೆ ನಿಲ್ಲಿಸಿ ಹೋಗಬೇಕು. ಬೆಳಿಗ್ಗೆ ಅದು ನಿಂತೇ ಇದ್ದರೆ ಮರ ಒಪ್ಪಿದ ಹಾಗೆ. ಬಿದ್ದಿದ್ದರೆ ಒಪ್ಪಲಿಲ್ಲ ಎಂದು ತಿಳಿದು, ಗಾಡಿಯನ್ನು ಖಾಲಿ ಹೊಡೆದುಕೊಂಡು ಬಳ್ಳಾರಿಗೆ ತಿರುಗಬೇಕು. ಆಗಿನ್ನೂ ಗ್ಯಾಸಿನ ಒಲೆ ದೊಡ್ಡವರ ಮನೆಗಳನ್ನಷ್ಟೇ ಕಂಡಿತ್ತು. ಉಳಿದ ಊರೆಲ್ಲ ಬೇಯಿಸಿ ತಿನ್ನುತ್ತಿದ್ದುದು ಕಟ್ಟಿಗೆಯ ಮೇಲೆ. ಬಳ್ಳಾರಿಯ ಕೋಟೆಗುಡ್ಡದ ನೆರಳಿನಲ್ಲಿದ್ದ ಅವನ ಕಟ್ಟಿಗೆ ಅಡ್ಡೆಯಿಂದ ಖಾನಾವಳಿಗಳಿಗೂ ಮಠಕ್ಕೂ ಮದುವೆ ಮನೆಗಳಿಗೂ ಸೌದೆ ಹೋಗುತ್ತಿತ್ತು. ಬೇರೆ ಅಡ್ಡೆಯವರು ಅವನ ಪದ್ಧತಿ ಕಂಡು ನಗುತ್ತಿದ್ದರು. ಅವನು ನಗುವವರ ಕಡೆ ತಿರುಗಿ ನೋಡಿದವನಲ್ಲ. ಎಷ್ಟೋ ಮರಗಳನ್ನು ಹೀಗೆ ಕೇಳಿದ್ದ. ಎಷ್ಟೋ ಮರಗಳನ್ನು ಹೀಗೇ ಬಿಟ್ಟು ಬಂದಿದ್ದ.

ಆದರೆ ಕೊಡಲಿ ಬೀಳಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡದ್ದು ಇದೇ ಮೊದಲು.

ಅವನ ಹೆಂಡತಿ ಚನ್ನವೀರಮ್ಮ ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾಗಿದ್ದಳು. ಇದು ಅವಳ ತವರಿನ ಹೊಲ. ಅವಳು ಹುಟ್ಟಿದಾಗ ಈ ಮರ ಆಗಲೇ ಹಿರಿದಾಗಿತ್ತಂತೆ. ಅವಳ ತಾಯಿ ಕಳೆ ತೆಗೆಯುವಾಗ ತೊಟ್ಟಿಲು ಕಟ್ಟಿದ್ದು ಇದರ ಟೊಂಗೆಗೆ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಹೊಲ ತಂಗಿ ಜಂಬಮ್ಮನಿಗೆ ಬಂತು. ಜಂಬಮ್ಮನ ಗಂಡ ಮನೆಯಳಿಯ. ಹೊಲದಲ್ಲಾಗಲಿ ಮನೆಯಲ್ಲಾಗಲಿ ನಡೆಯುವುದು ಅವಳ ಮಾತೇ.

“ಮಾವಾ, ಗಿಡದ ಕೂಡ ಮಾತಾಡಿದ್ದು ಮುಗೀತೇನು? ರೊಟ್ಟಿ ಆರಾಕ ಹತ್ಯಾವು,” ಎಂದು ಜಂಬಮ್ಮ ಬದುವಿನ ಮೇಲಿಂದ ಕೂಗಿದಳು.

“ಮುಗೀತು.”

“ಏನಂತು?”

“ನಾಳೆ ಹೇಳ್ತೈತಿ.”

“ನಮ್ಮ ಮನಿಯವರೂ ಏನ ಕೇಳಿದ್ರೂ ನಾಳೆ ಅಂತಾರ. ಅವರಿಗಿಂತ ಗಿಡ ಪಾಡು, ನಾಳೆ ಅಂದ್ರ ನಾಳೇನ ಹೇಳ್ತೈತಿ,” ಎಂದಳು. ಆಮೇಲೆ ದನಿ ಇಳಿಸಿ, “ನನಗೇನು ಖುಷಿ ಅಲ್ಲ ಮಾವ. ಇದರ ನೆರಳಿಗೆ ಕೆಳಗಿನ ಗದ್ದಿಗೆ ಬಿಸಿಲೇ ಬೀಳವಲ್ದು, ಭತ್ತ ತೆನಿ ಕಟ್ಟವಲ್ದು. ಗಿಡಾನೂ ಒಣಗಾಕ ಹತ್ತೈತಿ. ಸಿರುಗುಪ್ಪದ ಅಡ್ಡೆಯವನು ದಿನಾ ಬಂದು ಕೂಡ್ತಾನ. ಅಕ್ಕನ ಗಂಡ ಇರಾಗ ಪರರಿಗ್ಯಾಕ ಕೊಡ್ಲಿ ಅಂತ ನಿಮ್ಮನ್ನ ಕರಸಿದೆ,” ಎಂದಳು.

ಅವನು ತಲೆಯಾಡಿಸಿದ. ಬೀಳುವುದೇ ಆದರೆ ಕೇಳಿ ಕಡಿಯುವವರ ಕೈಯಲ್ಲಿ ಬೀಳಲಿ ಎಂದೇ ಅವನೂ ಬಂದದ್ದು.

ರಾತ್ರಿ ಜಗುಲಿಯಲ್ಲಿ ಮಲಗಿದವನಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ. ಗದ್ದೆಯ ಕಪ್ಪೆಗಳ ಸದ್ದು ದೂರದಲ್ಲಿ ಯಾರೋ ಮಂತ್ರ ಹೇಳಿದ ಹಾಗೆ ಕೇಳುತ್ತಿತ್ತು. ಅದರೊಳಗೆ ಹಳೆಯ ದಾರಿಗಳೆಲ್ಲ ತೆರೆದುಕೊಂಡವು. ದೂರದ ಊರಿಗೆ ಮರ ಕಡಿಯಲು ಹೋಗುವಾಗ ಚನ್ನವೀರಮ್ಮ ಅಡುಗೆಗೆಂದು ಜೊತೆಗೆ ಬರುತ್ತಿದ್ದಳು. ಗಾಡಿಯಲ್ಲಿ ಅವಳು, ಹಿಟ್ಟಿನ ಚೀಲ, ಹಗ್ಗದ ಸುರುಳಿ. ಬಾದನಹಟ್ಟಿಯ ಬಾವಿಯ ಹತ್ತಿರದ ಬೇವಿನ ಮರ ಕೊಡಲಿ ಕೆಡವಿದ ಬೆಳಿಗ್ಗೆ ಅದರ ಪೊಟರೆಯಿಂದ ಗಿಳಿಮರಿಗಳು ಕೊರಳು ಚಾಚಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕುರುಗೋಡಿನ ಗುಡ್ಡದ ಕೆಳಗೆ ಅತ್ತಿಮರವೊಂದು ಕೊಡಲಿ ಕೆಡವಿತು. ಮರದ ಒಡೆಯರ ಮನೆಯ ಬಸುರಿ ಹೆಣ್ಣುಮಗಳು ಅದರ ನೆರಳಿಲ್ಲದೆ ಇರಲಾರೆ ಎಂದು ಅಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಇದನ್ನೆಲ್ಲ ಅವನು ಅಡ್ಡೆಗೆ ಬಂದವರಿಗೆ ಹೇಳುತ್ತಿದ್ದ. ಶಿವ ಮರದೊಳಗಿದ್ದು ಮಾತಾಡುತ್ತಾನೆ ಎನ್ನುತ್ತಿದ್ದ. ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತ ಚನ್ನವೀರಮ್ಮ ಏನೂ ಅನ್ನುತ್ತಿರಲಿಲ್ಲ.

‘ಈ ಸಲವೂ ಕೆಡವಪ್ಪಾ,’ ಎಂದುಕೊಂಡ. ಶಿವನಿಗೆ ಹೇಳಿದನೋ, ಶಿವನಲ್ಲಿ ಸೇರಿಹೋದವಳಿಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ.

ಬೆಳಗಾಗುವಾಗ ಮಂಜು ಗದ್ದೆಯ ನೀರಿನ ಮೇಲೆ ಮಲಗಿತ್ತು. ನೆಲ ಯಾವುದು, ಆಕಾಶ ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಬೆಳ್ಳಕ್ಕಿಗಳು ಅದರ ನಡುವೆ ಯಾರೋ ಮರೆತು ಹೋದ ಬಟ್ಟೆಗಳಂತೆ ನಿಂತಿದ್ದವು. ದಾವಲಸಾಬ್ ಬದುವಿನ ಮೇಲೆ ವಲ್ಲಿ ಹಾಸಿ ನಮಾಜು ಮುಗಿಸಿ, ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಮರ ಹತ್ತುವ ಕೆಲಸದಲ್ಲಿ ಅವನೂ ಗಾದಿಲಿಂಗಪ್ಪನೂ ಕೂಡಿಯೇ ಮುದುಕರಾದವರು. ಇಬ್ಬರೂ ಮರದ ಕಡೆ ನಡೆದರು.

ಕೊಡಲಿ ನಿಂತಿತ್ತು. ಕಾವಿನ ಮೇಲೆಲ್ಲ ಇಬ್ಬನಿ.

“ನಿಂತೈತಿ,” ಎಂದ ಗಾದಿಲಿಂಗಪ್ಪ. ಚನ್ನವೀರಮ್ಮನೇ ಹೂಂ ಅಂದ ಮೇಲೆ ತನ್ನದೇನು ಎಂದುಕೊಂಡು ಕಣ್ಣೊರೆಸಿಕೊಂಡ. “ಹಗ್ಗ ತಗೊಳೋ ದಾವಲಾ.”

ದಾವಲಸಾಬ್ ಹಗ್ಗ ಮುಟ್ಟಲಿಲ್ಲ. “ನಿಲ್ಲದ ಏನ ಮಾಡ್ತೈತ್ರಿ, ಅಣ್ಣಾರ? ಕೆಡುವಾರು ಇಲ್ಲಲ್ಲ,” ಎಂದ.

“ಯಾರು ಕೆಡುವ್ತಿದ್ರು?”

ಮಾತು ಬಾಯಿ ಜಾರಿತೆಂದು ದಾವಲಸಾಬನ ಮುಖದಲ್ಲೇ ಕಾಣುತ್ತಿತ್ತು. ಕಾಲುವೆಯ ಕಡೆ ನೋಡುತ್ತ ನಿಂತ. ಆಮೇಲೆ, “ಅಕ್ಕಾರು,” ಎಂದ.

ಅವನು ಹಾಗೆ ಕರೆಯುತ್ತಿದ್ದುದು ಚನ್ನವೀರಮ್ಮ ಒಬ್ಬಳನ್ನೇ. ಗಾದಿಲಿಂಗಪ್ಪ ಬದುವಿನ ಮೇಲೆ ಕೂತುಬಿಟ್ಟ.

“ಬಾದನಹಟ್ಟ್ಯಾಗ ನಾನು ಮೊದಲ ನೋಡಿದ್ದು. ನಮಾಜಿಗೆ ಎದ್ದಿದ್ದೆ. ನೀವಿನ್ನೂ ಮಲಗಿದ್ರಿ. ಅಕ್ಕಾರು ಚರಿಗಿ ಹಿಡಕೊಂಡು ಬಂದ್ರು. ಗಿಡದ ಸುತ್ತ ತಿರುಗಿ ತಿರುಗಿ ಮ್ಯಾಲೆ ನೋಡಿದ್ರು. ಆಮ್ಯಾಲೆ ಕೊಡ್ಲಿ ಎತ್ತಿ, ಸಪ್ಪಳ ಆಗದಂಗ ಮಲಗಿಸಿದ್ರು, ಕೂಸಿನ್ನ ಮಲಗಿಸಿದಂಗ. ತಿರುಗಿ ನೋಡಿದ್ರ ಎದುರಿಗೆ ನಾನು. ತುಟಿ ಮ್ಯಾಲೆ ಬಟ್ಟು ಇಟ್ರು. ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೆ.”

“ಬಾದನಹಟ್ಟ್ಯಾಗ ಅಷ್ಟ ಏನು?”

“ಬಿದ್ದಿದ್ದೆಲ್ಲಾ ಅವರ ಕೈಲೇ ಬಿದ್ದಿದ್ದು.”

“ನೀ ನನಗ ಹೇಳಲಿಲ್ಲ.”

“ನಮಾಜ್ ಮಾಡಿ ಎದ್ದವನು ಆ ತಾಯಿಗೆ ಕೊಟ್ಟ ಮಾತು ಮುರೀಬೇಕಿತ್ತೇನ್ರಿ?”

“ಶಿವ ಮಾತಾಡಿದ, ಶಿವ ಮಾತಾಡಿದ ಅಂತ ಊರ ತುಂಬ ಹೇಳ್ಕೊಂತ ತಿರುಗಿದೆನಲ್ಲೋ. ನನ್ನ ಹುಚ್ಚನ್ನ ಮಾಡಿದ್ರೇನು ಇಬ್ರೂ ಕೂಡಿ?”

ದಾವಲಸಾಬ್ ಅವನ ಪಕ್ಕದಲ್ಲೇ ಕೂತ. “ನಾನೂ ಒಮ್ಮೆ ಕೇಳಿದೆ ಅಣ್ಣಾರ, ಹಿಂಗ್ಯಾಕ ಮಾಡ್ತೀರಿ ಅಂತ. ‘ನಿಮ್ಮಣ್ಣ ಗಿಡಾನ ಕೇಳ್ತಾರ. ಕೇಳೋದು ಚಲೋದ. ಗಿಡಕ್ಕ ಕೈ ಇಲ್ಲಲ್ಲಪ್ಪ, ಅದಕ ನಾನು,’ ಅಂದ್ರು.”

ಗಾದಿಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಅದಕ್ಕೆ ಕೂರಲು ಜಾಗ ಸಿಗಲಿಲ್ಲ. ಅವನ ಕಣ್ಣಿನ ಮುಂದೆ ಮಂಜಿನೊಳಗೆ ಅವಳು ಬರಿಗಾಲಲ್ಲಿ ಒಂದೊಂದೇ ಮರ ಸುತ್ತುತ್ತಿದ್ದಳು. ತಾನು ಮಲಗಿದ್ದಾಗಲೆಲ್ಲ ಅವಳು ಎದ್ದಿದ್ದಳು. ದೇವರು ಮಾತಾಡಿದ್ದು ಸುಳ್ಳಾಯಿತೇ ಎಂದು ಮನಸ್ಸನ್ನು ಕೇಳಿಕೊಂಡ. ಮನಸ್ಸು ಹೌದೆನ್ನಲಿಲ್ಲ.

ಎದ್ದು ಮರದ ಹತ್ತಿರ ಹೋದ. ಕೈ ಕೊಡಲಿಯ ಕಾವಿನ ಮೇಲೆ ಹೋಯಿತು. ತಟ್ಟಿದರೆ ಸಾಕು, ಬೀಳುತ್ತದೆ. ದಾವಲಸಾಬ್ ತಾನಾಗಿ ಮುಖ ಬೇರೆ ಕಡೆ ತಿರುಗಿಸಿದ. ಆದರೂ ಗಾದಿಲಿಂಗಪ್ಪನಿಂದ ಆಗಲಿಲ್ಲ. ಅವಳ ಕೈಗೆ ಅದು ಒಪ್ಪಿದ ಕೆಲಸ. ಕೇಳಿದವನೇ ಉತ್ತರವನ್ನೂ ಕೊಟ್ಟುಕೊಂಡರೆ ಅದು ಕಳ್ಳತನ.

ಕೈ ತೆಗೆದು ಮರದ ಸುತ್ತ ನಡೆದ. ಇಷ್ಟು ವರ್ಷ ಮರವನ್ನು ಕಂಡರೆ ಗಾಡಿಗೆ ಎಷ್ಟಾದೀತು ಎಂದೇ ಅವನ ಕಣ್ಣು ನೋಡುತ್ತಿತ್ತು. ಈಗ ತಲೆಯೆತ್ತಿ ಬರೀ ನೋಡಿದ. ಟೊಂಗೆಟೊಂಗೆಗೂ ಬಂದಳಿಕೆ ಕೂತು ಮರದ ರಸ ಹೀರುತ್ತಿತ್ತು. ಕೆಳಗೆ ಬೇರಿನ ಸುತ್ತ ಎರೆಮಣ್ಣು ಕಾಲುವೆಯ ಬಸಿನೀರಿನಲ್ಲಿ ನೆನೆದು ನಾತ ಹೊಡೆಯುತ್ತಿತ್ತು. ಒಣಭೂಮಿಯ ಮರ, ನೀರಿನಲ್ಲಿ ನಿಂತು ಉಸಿರು ಕಟ್ಟಿಕೊಂಡಿತ್ತು. ಆದರೂ ಮೂಡಣದ ಟೊಂಗೆಯ ತುದಿಯಲ್ಲಿ ಕೆಂಪನೆಯ ಚಿಗುರಿತ್ತು.

ಜಂಬಮ್ಮ ಚಹಾ ತೆಗೆದುಕೊಂಡು ಬಂದಳು. ಬಂದವಳೇ ಕೊಡಲಿ ನೋಡಿದಳು. “ನಿಂತೈತಲ್ಲ. ಒಪ್ತೇನು?”

“ಗಿಡ ಒಪ್ಪೈತಿ ಜಂಬಮ್ಮ,” ಎಂದ ಗಾದಿಲಿಂಗಪ್ಪ. “ನಾ ಒಪ್ಪಿಲ್ಲ.”

“ಇದ್ಯಾವ ಹೊಸಾ ಶಾಸ್ತ್ರ ತೆಗದ್ರಿ, ಮಾವ? ಕೇಳಿದವರು ನೀವು, ಹೇಳಿದ್ದು ಗಿಡ, ಈಗ ಒಲ್ಲೆ ಅನ್ನೋರೂ ನೀವ ಏನು?”

“ಬಂದಳಿಕಿ ಎಲ್ಲಾ ಕಡಸ್ತೀನಿ. ಗದ್ದಿ ಕಡಿ ಟೊಂಗಿ ಇಳಿಸಿದ್ರ ನಿನ್ನ ಭತ್ತಕ್ಕ ಬಿಸಿಲು ಬೀಳ್ತೈತಿ. ಬುಡದಾಗ ನೀರು ನಿಂತೈತಿ, ಬಸಿಗಾಲುವಿ ತೋಡಿ ಹಳ್ಳಕ್ಕ ಬಿಡ್ತೀನಿ.”

“ಅಡ್ಡೆಗೆ ಏನ ಒಯ್ತೀರಿ?”

“ಒಣಗಿದ್ದು ಸಿಕ್ಕಷ್ಟು.”

“ಬಳ್ಳಾರಿಯಿಂದ ಬಂದು ನಮ್ಮ ಹೊಲದಾಗ ಮಣ್ಣು ಹೊರೋ ಅಳಿಯ ನೀವೊಬ್ರ. ನಮ್ಮ ಮನ್ಯಾಗಿನ ಅಳಿಯಗ ಇನ್ನೂ ಹಾಸಿಗಿ ಬಿಟ್ಟಿಲ್ಲ,” ಎಂದಳು ಜಂಬಮ್ಮ. ನಗಲು ಹೋದವಳು ನಗಲಿಲ್ಲ. ಮರವನ್ನು ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. “ಈ ಬೆಳಿ ಬರೋಮಟ ನೋಡ್ತೀನಿ. ಕೆಳಗಿನ ಗದ್ದ್ಯಾಗ ತೆನಿ ಕಟ್ಟಲಿಲ್ಲಂದ್ರ ಸಿರುಗುಪ್ಪದವನ್ನ ಕರಸಾಕಿನ ನಾನು. ಆವಾಗ ನೀವೂ ಮಾತಾಡಂಗಿಲ್ಲ, ನಿಮ್ಮ ಶಿವಾನೂ ಮಾತಾಡಂಗಿಲ್ಲ.”

“ಆಗ್ಲಿ,” ಎಂದ ಅವನು. “ಸಲಿಕಿ ಕೊಡು.”

ದಾವಲಸಾಬ್ ಸೊಂಟಕ್ಕೆ ಹಗ್ಗ ಬಿಗಿದು ಮೇಲೇರಿದ. ಬಂದಳಿಕೆಯ ಹಸಿರು ಗೊಂಚಲುಗಳು ಒಂದರ ಮೇಲೊಂದು ಮಂಜಿನೊಳಗೆ ಮೆತ್ತಗೆ ಬೀಳತೊಡಗಿದವು. ಕೆಳಗೆ ಗಾದಿಲಿಂಗಪ್ಪ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ತೋಡುತ್ತಿದ್ದ. ಮಣ್ಣು ಭಾರವಾಗಿತ್ತು. ಪ್ರತಿ ಸಲಿಕೆಗೂ ‘ಶಿವ’ ಎನ್ನುವುದು ಅವನ ರೂಢಿ. ಇವತ್ತು ಅದರ ಬೆನ್ನಿಗೇ ಇನ್ನೊಂದು ಹೆಸರೂ ಬರುತ್ತಿತ್ತು. ಹಳ್ಳದ ಕಡೆಯ ಕೊನೆಯ ಹೆಂಟೆ ಕಿತ್ತಾಗ ಬುಡದ ಕಪ್ಪು ನೀರು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಒಂದು ಹುಣಸೆಯ ಎಲೆಯನ್ನು ಮುಂದೆ ಮಾಡಿಕೊಂಡು, ಹೊಸ ದಾರಿ ಹಿಡಿದು ಮೆಲ್ಲಗೆ ಹೊರಟಿತು.