ಏಳು ತಿಂಗಳು ಹಾಕದ ಶೂ

ವಾಸನೆಯೇ ಇಲ್ಲವಲ್ಲ, ಮೂಗನ್ನು ಇನ್ನೂ ಒಳಕ್ಕೆ ತೂರಿಸಿದಳು, ಇಲ್ಲ, ಮುಗ್ಗಲು ನಾತವಿಲ್ಲ, ಬೆವರಿಲ್ಲ, ನಿನ್ನೆ ಅಂಗಡಿಯಿಂದ ತಂದ ಹಾಗಿದೆ — ಬಟ್ಟೆಚೀಲದಲ್ಲಿ ಏಳು ತಿಂಗಳು ಮೇಲಿನ ಕಪಾಟಿನಲ್ಲಿ ಬಿದ್ದಿದ್ದ ಶೂ ಹೀಗಿರುತ್ತದೆಯೇ, ಹಾಕದೆ ಕಟ್ಟಿಟ್ಟ ಚರ್ಮ ಮುಗ್ಗದೆ ಬಿಡುತ್ತದೆಯೇ, ಡಾನ್ಸ್ ತಂಡದ ಇಪ್ಪತ್ತೆರಡು ಜೊತೆ ಮೂಸಿ ಮೂಸಿ ಇಷ್ಟಾದರೂ ತಿಳಿಯದಿದ್ದರೆ ಹೇಗೆ, ಪೊಲೀಸ್ ನಾಯಿ ಎಂದು ಎಲ್ಲರೂ ರೇಗಿಸುವುದು ಸುಮ್ಮನೆಯೇ, ಕಣ್ಣು ಕಟ್ಟಿ ಕೊಟ್ಟರೂ ಇದು ಉದ್ದನೆಯವನದು, ಇದು ಕಾಲು ತೊಳೆಯದ ಸೋಮಾರಿಯದು ಎಂದು ಹೇಳಿಬಿಡುತ್ತಾಳೆ. ಮಂಡಿ ತಿರುಚಿಕೊಂಡ ದಿನ ಮಾಸ್ಟರ್ ತಾವೇ ಆಟೋ ಹತ್ತಿಸಿ ಹೇಳಿದ್ದರು, ವಾಸಿಯಾಗೋವರೆಗೂ ಕೆಳಗಿನ ಕೋಣೆ ನೋಡ್ಕೋ, ಶೂ, ಬಟ್ಟೆ ಎಲ್ಲಾ, ನಿನ್ನ ಜಾಗ ಎಲ್ಲಿಗೂ ಹೋಗಲ್ಲ, ಎಲ್ಲಿಗೂ ಹೋಗುವುದಿಲ್ಲ ಎಂದು ಇವಳೂ ನಂಬಿದಳು, ನಡುವೆ ಕುಣಿಯುವವಳಿಗೆ ಮಾತ್ರ ಕೆಂಪು ಶೂ, ಅದೂ ವೇದಿಕೆಯ ಮೇಲೆ ಮಾತ್ರ, ನೋಡಿದರೆ ಅಳು ಬರುತ್ತದೆ ಎಂದು ಅದನ್ನು ಕಟ್ಟಿಟ್ಟಿದ್ದಳು, ಇವತ್ತು ಬೆಳಿಗ್ಗೆ ಡಾಕ್ಟರು ಮಂಡಿ ಮಡಿಸಿ ಬಿಡಿಸಿ ನೋಡಿ ಸೋಮವಾರದಿಂದ ಕುಣೀಬಹುದು ಎಂದ ಮೇಲೆಯೇ ಸ್ಟೂಲು ಹಾಕಿಕೊಂಡು ಚೀಲ ಇಳಿಸಿದ್ದು.

ಲೇಸು ಸಡಿಲ ಮಾಡಿದೆ, ಶೂವಿನ ನಾಲಿಗೆ ಎತ್ತಿಟ್ಟಿದೆ, ಒಳಗೆ ಒಂದು ಹಳೆಯ ಕಾಲುಚೀಲ, ಅಡುಗೆ ಸೋಡಾ ತುಂಬಿ ಗಂಟು ಹಾಕಿದ್ದು — ಇದನ್ನು ಇವಳು ಇಟ್ಟಿರಲಿಲ್ಲ. ಇಟ್ಟಿರಲಿಲ್ಲ, ಆದರೆ ಹೇಳಿಕೊಟ್ಟಿದ್ದಳು, ಮೊದಲು ಫ್ಯಾನಿನ ಕೆಳಗೆ ಆರಬೇಕು, ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ, ಆಮೇಲೆ ಹಳೆಯ ಪೇಪರು, ಆಮೇಲೆ ಸೋಡಾ, ಸೆಂಟು ಮಾತ್ರ ಹೊಡೆಯಬೇಡ, ಬೆವರಿನ ಮೇಲೆ ಸೆಂಟು ಎಂದರೆ ಹೆಣಕ್ಕೆ ಸಿಂಗಾರ, ಅವಳು ಬಿದ್ದು ಬಿದ್ದು ನಕ್ಕಿದ್ದಳು, ತಂಗಿ, ಮಿಕ್ಕವರು ಶೂ ಎಸೆದು ಹೋಗುವವರು, ಕೂತು ಕಲಿತವಳು ಅವಳೊಬ್ಬಳೇ. ಬೆರಳು ತುದಿಯವರೆಗೂ ಹೋಯಿತು, ಮೆತ್ತಗೆ ಏನೋ, ಹತ್ತಿ, ಹೆಬ್ಬೆರಳಿನ ಜಾಗದಲ್ಲಿ ಒಂದು ಉಂಡೆ ಹತ್ತಿ, ತಂಗಿಯ ಕಾಲು ಇವಳ ಕಾಲಿಗಿಂತ ಚಿಕ್ಕದು. ತಲೆಯ ಮೇಲೆ ತಾಲೀಮು ಕೋಣೆಯ ಮರದ ನೆಲ ದಡದಡ ಎನ್ನುತ್ತಿದೆ, ತಾಲೀಮಿನಲ್ಲಿ ನಿನ್ನ ಜಾಗ ಹಿಡಿದಿಟ್ಟಿರ್ತೀನಿ ಅಷ್ಟೇ ಅಕ್ಕ, ಬಸ್ಸಲ್ಲಿ ಟವೆಲ್ ಹಾಕಿದ ಹಾಗೆ, ಎಂದಿದ್ದಳು, ಆದರೆ ತಾಲೀಮಿಗೆ ಕೆಂಪು ಶೂ ಯಾರೂ ಹಾಕುವುದಿಲ್ಲ — ಹೋದ ಭಾನುವಾರ ಗೆಳತಿಯ ಮನೆ ಎಂದು ಹೋದವಳು ಕಾಲು ಎಳೆಯುತ್ತ ಬಂದಳಲ್ಲ, ಸೋಮವಾರ ಇಡೀ ತಂಡದ ಶೂ ಹಿಂಡಿದರೆ ನೀರು ಬರುವ ಹಾಗಿದ್ದವು, ತಾಲೀಮು ಜೋರಾಗಿತ್ತು ಎಂದರು, ಈ ತಿಂಗಳು ಕಾರ್ಯಕ್ರಮವೇ ಇಲ್ಲ ಎಂದರು ಮಾಸ್ಟರ್, ಇವಳು ಪೆದ್ದಿಯಂತೆ ಒಂದೊಂದನ್ನೂ ಒರೆಸಿ ಒಣಗಿಸಿದಳು, ಬೇಲಿಯೇ ಎದ್ದು ಹೊಲ ಮೇಯ್ದಿದೆ, ಇವಳು ಬೇಲಿಗೆ ನೀರು ಹಾಕಿದ್ದಾಳೆ.

ದಡದಡ ನಿಂತಿತು. ಮೆಟ್ಟಿಲ ಮೇಲೆ ತಂಗಿ, ಕೊರಳಲ್ಲಿ ಟವೆಲು, ಕಣ್ಣು ಮೊದಲು ಶೂ ಕಡೆಗೆ, ಆಮೇಲೆ ಅಕ್ಕನ ಕಡೆಗೆ. ವಾಸನೆ ಬರ್ತಿದೆಯಾ ಅಕ್ಕ. ಇಲ್ಲ. ನೀನು ಹೇಳಿಕೊಟ್ಟ ಹಾಗೇ ಮಾಡಿದ್ದೆ ಕಣಕ್ಕ. ಎಷ್ಟು ಸಲ ಹಾಕಿದ್ದೆ ನೀನು. ಐದು ಸಲ — ಐದು, ಐದು ವೇದಿಕೆ, ಐದು ಸಲ ಚಪ್ಪಾಳೆ, ಇವಳು ಮನೆಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಾಗ, ಅಕ್ಕ ಹೇಳಿದಳು, ಸೋಮವಾರದಿಂದ ನಾನು ಬರ್ತೀನಿ. ತಂಗಿ ಟವೆಲಿನ ತುದಿ ಹಿಂಡಿದಳು, ಮಾಸ್ಟರ್ ಹೇಳ್ತೀನಿ ಅಂದಿದ್ರು, ಹೇಳ್ಲಿಲ್ವಾ, ಇನ್ನು ನನಗೇ ಅಂತೆ ಆ ಜಾಗ, ನೀನು ಇಲ್ಲೇ ಇದ್ರೆ ಒಳ್ಳೇದಂತೆ, ನಿನ್ನಷ್ಟು ಚೆನ್ನಾಗಿ ಶೂ ನೋಡ್ಕೊಳ್ಳೋರು ಸಿಗಲ್ವಂತೆ. ಓಹೋ, ಚೆನ್ನಾಗಿ ನೋಡಿಕೊಂಡಿದ್ದೇ ತಪ್ಪಾಯಿತು, ಇಪ್ಪತ್ತೆರಡು ಜೊತೆ ನಾರುವುದಕ್ಕೆ ಬಿಟ್ಟಿದ್ದರೆ ಈಗ ಮೇಲಿರುತ್ತಿದ್ದಳೇನೋ, ನಂಬಿಸಿ ಕತ್ತು ಕೊಯ್ದರು, ಮಾಸ್ಟರ್ ಇರಲಿ, ಹೊರಗಿನವರು, ಆದರೆ ತಂಗಿ, ಶೂ ಲೇಸು ಕಟ್ಟುವುದನ್ನೂ ಅಕ್ಕನ ಕೈ ಹಿಡಿದು ಕಲಿತವಳು — ಅಮ್ಮನಿಗೆ ಹೇಳುತ್ತೇನೆ, ಈಗಲೇ ಮನೆಗೆ ಹೋಗಿ ಹೇಳುತ್ತೇನೆ, ಅಮ್ಮ ಇವಳ ಚರ್ಮ ಸುಲಿಯುತ್ತಾಳೆ, ಅಮ್ಮನಾದರೂ ನನ್ನ ಕಡೆ ಇರುತ್ತಾಳೆ, ಬೆರಳು ಹತ್ತಿಯನ್ನು ಹೊರಗೆಳೆಯಿತು, ಬರೀ ಹತ್ತಿಯಲ್ಲ, ಸುತ್ತ ಬಟ್ಟೆ ಇದೆ, ಮನೆಯ ದಿಂಬಿನ ಚೀಲದ ನೀಲಿ ಬಟ್ಟೆ, ಹೆಬ್ಬೆರಳಿನ ಅಳತೆಗೆ ಕತ್ತರಿಸಿ ಹೊಲಿದದ್ದು, ಸಣ್ಣ ಹೊಲಿಗೆ, ಬಿಚ್ಚಿಕೊಳ್ಳಬಾರದು ಎಂದು ಒಂದರ ಮೇಲೆ ಇನ್ನೊಂದು, ಹೀಗೆ ಹೊಲಿಯುವವಳು ಮನೆಯಲ್ಲಿ ಒಬ್ಬಳೇ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅಳತೆ ನೋಡಿ, ಹತ್ತಿ ತುಂಬಿ — ಅಮ್ಮ — ಒಂದು ಹೊಲಿಗೆ, ಅದರ ಮೇಲೆ ಇನ್ನೊಂದು, ಒಂದು ಹೊಲಿಗೆ, ಅದರ ಮೇಲೆ